ಸಿಸ್ಟರ್ ಕೇಳಿದರೆ ‘ಬೇಡ’ ಅನ್ನುವವರು ಯಾರು? ಆಸ್ಪತ್ರೆ ಸೋಂಕಿನ ಬಗ್ಗೆ ಥೀಸಿಸ್ ಮಾಡುವವರಿಗೆ

ಕಾಸರಗೋಡಿನ ಪೆರ್ಲ ಕಡೆಯ ಅಜ್ಜಿ. ಕಾಲಿನ ಆಪರೇಶನ್ ಆಗಿ ಮೂರನೇ ದಿನ. ನಾನಾಗ ಎಮ್ಮೆಸ್ಸಿ ನರ್ಸಿಂಗ್ ವಿದ್ಯಾರ್ಥಿನಿ. ಡ್ರೆಸ್ಸಿಂಗ್ ಮುಗಿಸಿ, ಗ್ಲೌಸ್ ತೆಗೆದು, ಕೈ ತೊಳೆದು, ಸಮ್ಮತಿ ಪತ್ರ ಹಿಡಿದು ನಿಂತೆ. ಮಲಯಾಳದ ಫಾರಂ ಅನ್ನು ಯಾರೋ ಕನ್ನಡ ಅಕ್ಷರಕ್ಕೆ ಇಳಿಸಿದ್ದರು, ಅಷ್ಟೇ. ‘ಅಣುಬಾಧೆಯ ಕುರಿತು ಗವೇಷಣೆ’ ಎಂದು ಓದಿದೆ. ಮಲಯಾಳದಲ್ಲಿ ಅಣುಬಾಧ ಅಂದರೆ ಸೋಂಕು. ಅಜ್ಜಿಗೆ ಕೇಳಿಸಿದ್ದು ಬಾಧೆ ಮಾತ್ರ. "ಯಾರ ಬಾಧೆ ಸಿಸ್ಟರೇ? ದೈವದ್ದಾ?" ಅಂದರು. ನಾನು ನಕ್ಕೆ. ಅವರೂ ನಕ್ಕು ಹೆಬ್ಬೆಟ್ಟು ಒತ್ತಿದರು.

ಅರ್ಥವಾಗದೆ ಒತ್ತಿದ ಆ ಹೆಬ್ಬೆಟ್ಟಿಗೆ ಬೆಲೆ ಇಲ್ಲ ಎಂದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಈಗ ಮಂಗಳೂರು, ಪರಿಯಾರ ಕಡೆ ನರ್ಸಿಂಗ್ ಓದುವ ನಮ್ಮ ಮಕ್ಕಳು ಥೀಸಿಸ್ ಹಿಡಿದು ಬಂದಾಗ, ನಾನು ಲೆಕ್ಕದ ಹಾಳೆಗಿಂತ ಮೊದಲು ‘ಸಮ್ಮತಿ ಹೇಗೆ ಪಡೆಯುತ್ತೀರಿ?’ ಎಂದೇ ಕೇಳುವುದು.

ಮೊದಲು ಸಂಶೋಧನೆಯ ಪ್ರಶ್ನೆ ನೋಡಿ

ದಾಖಲಾಗುವಾಗ ಇಲ್ಲದ ಸೋಂಕು 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡರೆ, ಅದನ್ನು ಸಾಮಾನ್ಯವಾಗಿ ಆಸ್ಪತ್ರೆಯ ಸೋಂಕು ಎಂದು ಲೆಕ್ಕ ಹಾಕುತ್ತಾರೆ. ಅದನ್ನು ತಡೆಯಲು ಕೈ ತೊಳೆಯಬೇಕು ಎಂದು ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ 1847ರಲ್ಲೇ ತೋರಿಸಿಕೊಟ್ಟಾಗಿದೆ. ಹಾಗಾಗಿ ‘ಒಂದು ಗುಂಪಿಗೆ ಕೈ ತೊಳೆದು ಆರೈಕೆ, ಇನ್ನೊಂದಕ್ಕೆ ತೊಳೆಯದೆ’ ಎಂಬ ಪ್ರಶ್ನೆ ಇಡುವಂತೆಯೇ ಇಲ್ಲ. ಈಗಿರುವ ಸರಿಯಾದ ಆರೈಕೆ ಎರಡೂ ಗುಂಪಿಗೆ ಸಿಗಬೇಕು. ಅದರ ಮೇಲೆ ನೀವು ಸೇರಿಸುವ ತರಬೇತಿಯೋ, ಹೊಸ ಕ್ರಮವೋ, ಅಷ್ಟೇ ವ್ಯತ್ಯಾಸ.

ಕಮಿಟಿಗೆ ಹೋಗಿ, ಮೊದಲೇ ಹೋಗಿ

"ಹೊಸ ಔಷಧಿ ಇಲ್ಲ, ರಕ್ತ ತೆಗೆಯುವುದಿಲ್ಲ, ಬರೀ ಚೆಕ್‌ಲಿಸ್ಟ್. ಎಥಿಕ್ಸ್ ಕಮಿಟಿ ಯಾಕೆ ಮೇಡಂ?" ಇದು ಎಲ್ಲರೂ ಕೇಳುವ ಪ್ರಶ್ನೆ. ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗದಂತೆ ಮೊದಲೇ ನೋಡಿ ಅನುಮತಿ ಕೊಡುವ ಸಮಿತಿ ಅದು. ಅಮೆರಿಕದ ಮಿಶಿಗನ್‌ನಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದೇ ಅಂಶಗಳ ಒಂದು ಚೆಕ್‌ಲಿಸ್ಟ್ ಬಳಸಿ, ದೊಡ್ಡ ರಕ್ತನಾಳಕ್ಕೆ ಹಾಕುವ ಲೈನಿನ ಸೋಂಕನ್ನು ತುಂಬಾ ಇಳಿಸಿದರು. 2006ರಲ್ಲಿ ಅದು ಪ್ರಕಟವಾಯಿತು. ಆದರೂ ಮಾರನೇ ವರ್ಷ ಅಲ್ಲಿನ ಸರಕಾರಿ ಕಚೇರಿ ‘ಇದು ಸಂಶೋಧನೆ, ಸರಿಯಾದ ಪರಿಶೀಲನೆ ಆಗಿಲ್ಲ’ ಎಂದು ತಕರಾರು ಎತ್ತಿತು. ದೊಡ್ಡ ಗಲಾಟೆಯೇ ಆಗಿ 2008ರಲ್ಲಿ ಮುಂದುವರಿಸಲು ಬಿಟ್ಟರು. ನನ್ನ ಪ್ರಕಾರ ತಕರಾರು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ‘ಇದಕ್ಕೆ ಅನುಮತಿ ಬೇಡ’ ಎಂದು ತೀರ್ಮಾನಿಸುವವರು ನೀವೂ ಅಲ್ಲ, ನಿಮ್ಮ ಗೈಡೂ ಅಲ್ಲ. ಕಮಿಟಿ.

ನಮ್ಮಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಇದೆ. ಕಮಿಟಿಯಲ್ಲಿ 7ರಿಂದ 15 ಜನ, ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರು, ವೈದ್ಯಕೀಯ ಗೊತ್ತಿಲ್ಲದ ಸಾಮಾನ್ಯರೂ ಒಬ್ಬರು ಇರಬೇಕು. ಆ ಸಾಮಾನ್ಯ ಸದಸ್ಯರಿಗೆ ಅರ್ಥವಾಗುವ ಹಾಗೆ ಅರ್ಜಿ ಬರೆಯಿರಿ. ಅರ್ಧ ಕೆಲಸ ಮುಗಿದಂತೆ. ರೋಗಿಗಳ ಮೇಲೆ ಏನಾದರೂ ಹೊಸ ಕ್ರಮ ಪ್ರಯೋಗಿಸುವುದಾದರೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಾಯಿಸಿ. ಮಾಹಿತಿ ಕೂಡಿಸಿ ಆದ ಮೇಲೆ ಅನುಮತಿ ಕೇಳಿದರೆ ಸಿಗುವುದಿಲ್ಲ.

ಸಮ್ಮತಿ: ಇಲ್ಲಿ ನಿಧಾನಿಸಿ

ರೋಗಿಗೆ ಇಂಜೆಕ್ಷನ್ ಕೊಡುವ, ಬೆಡ್‌ಪ್ಯಾನ್ ಇಡುವ, ರಾತ್ರಿ ಕರೆದಾಗ ಬರುವ ಸಿಸ್ಟರೇ ಬಂದು "ಸ್ಟಡಿಗೆ ಸೇರ್ತೀರಾ ಅಜ್ಜಿ?" ಅಂದರೆ ಯಾರು ಬೇಡ ಅನ್ನುತ್ತಾರೆ? ನಾಳೆ ಡ್ರಿಪ್ ಖಾಲಿಯಾದಾಗ ಬರದಿದ್ದರೆ ಎಂಬ ಅಂಜಿಕೆ ಇದ್ದೇ ಇರುತ್ತದೆ. ಆದ್ದರಿಂದ ಆ ರೋಗಿಯ ಆರೈಕೆ ಮಾಡುವವರು ಸಮ್ಮತಿ ಕೇಳುವುದು ಬೇಡ. ಬೇರೆ ವಾರ್ಡಿನವರು ಕೇಳಲಿ, ಯೂನಿಫಾರ್ಮ್ ಇಲ್ಲದೆ ಹೋದರೆ ಇನ್ನೂ ಒಳ್ಳೆಯದು. ಇವತ್ತು ವಿವರಿಸಿ, ಫಾರಂ ಬಿಟ್ಟು ಬನ್ನಿ. ಸಹಿ ನಾಳೆ.

ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಆ ಮಾತು ಉಳಿಸಿಕೊಳ್ಳಬೇಕಾದ್ದು ಇಲ್ಲಿ. ಕನ್ನಡದ ಫಾರಂ ಅನ್ನು ಕನ್ನಡದಲ್ಲೇ ಬರೆಯಿಸಿ. ಮೂಲ ಓದದ ಇನ್ನೊಬ್ಬರಿಂದ ಅದನ್ನು ತಿರುಗಿ ಮಲಯಾಳಕ್ಕೋ ಇಂಗ್ಲಿಷಿಗೋ ಮಾಡಿಸಿ, ಅರ್ಥ ತಪ್ಪಿತಾ ನೋಡಿ. ಮನೆಯಲ್ಲಿ ತುಳು, ಬ್ಯಾರಿ ಆಡುವವರಿಗೆ ಆ ಭಾಷೆಯಲ್ಲೇ ಬಾಯಲ್ಲಿ ಹೇಳಿ, ಹೇಳಿದ್ದನ್ನು ಫಾರಂನಲ್ಲಿ ನಮೂದಿಸಿ. ಆಮೇಲೆ ಕೇಳಿ: "ನಾನೀಗ ಹೇಳಿದ್ದನ್ನು ನಿಮ್ಮ ಮಗಳಿಗೆ ಹೇಗೆ ಹೇಳ್ತೀರಿ?" ಉತ್ತರ ದೈವದ ಬಾಧೆಯ ಕಡೆ ಹೋದರೆ ಮತ್ತೆ ಮೊದಲಿಂದ ಹೇಳಿ, ನನ್ನ ಹಾಗೆ ನಗಬೇಡಿ.

ಓದು ಬರದವರು ಹೆಬ್ಬೆಟ್ಟು ಒತ್ತುವಾಗ ನಿಮ್ಮ ತಂಡಕ್ಕೆ ಸೇರದ ಸಾಕ್ಷಿ ಬೇಕು. ಪಕ್ಕದಲ್ಲಿ ಕೂತ ಬೈಸ್ಟ್ಯಾಂಡರ್ ಮಗ "ಅಮ್ಮಂದು ಓಕೆ" ಅಂದರೆ ಸಾಲದು, ಅಮ್ಮನಿಗೆ ಬುದ್ಧಿ, ಬಾಯಿ ಎರಡೂ ಇದೆ. ವೆಂಟಿಲೇಟರಿನಲ್ಲಿ ಇರುವವರಿಗೆ ಮನೆಯವರು ಒಪ್ಪಿಗೆ ಕೊಡಬಹುದು, ಎಚ್ಚರವಾದ ಮೇಲೆ ರೋಗಿಯನ್ನೇ ಮತ್ತೆ ಕೇಳಬೇಕು. ಮಕ್ಕಳಾದರೆ ಹೆತ್ತವರ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದವರ ಬಾಯಿಮಾತಿನ ಒಪ್ಪಿಗೆ, 12ರಿಂದ 18ರವರದ್ದು ಬರಹದಲ್ಲಿ.

ನರ್ಸ್‌ಗೂ ರೋಗಿಯಷ್ಟೇ ರಕ್ಷಣೆ ಬೇಕು

ಕೈ ತೊಳೆಯುತ್ತಾರಾ ಎಂದು ನೋಡಲು ಮೂಲೆಯಲ್ಲಿ ಪುಸ್ತಕ ಹಿಡಿದು ನಿಂತರೆ, ಎಲ್ಲರ ಕೈಯೂ ಹ್ಯಾಂಡ್‌ರಬ್ ಬಾಟಲಿಗೆ ಹೋಗುತ್ತದೆ. ಕದ್ದು ನೋಡಿದರೆ ನಿಜ ಸಿಗುತ್ತದೆ, ನಂಬಿಕೆ ಹೋಗುತ್ತದೆ. ನಡುವಿನ ದಾರಿ ಹೀಗೆ: ಕಮಿಟಿಯ ಅನುಮತಿ ಪಡೆದು, ‘ಈ ಮೂರು ತಿಂಗಳಲ್ಲಿ ವೀಕ್ಷಣೆ ಇರುತ್ತದೆ’ ಎಂದು ವಾರ್ಡಿಗೆ ಮೊದಲೇ ತಿಳಿಸಿ. ಯಾವ ದಿನ, ಯಾವ ಶಿಫ್ಟ್ ಎಂದು ಹೇಳಬೇಡಿ. ಹೆಸರು ಬರೆಯಬೇಡಿ. ಮೇಲಧಿಕಾರಿ ಕೇಳಿದರೂ ಹಾಳೆ ಕೊಡಬೇಡಿ. ಗುತ್ತಿಗೆಯ ಮೇಲೆ ಇರುವ ಹುಡುಗಿಯ ಕೆಲಸ ನಿಮ್ಮ ಥೀಸಿಸ್‌ನಿಂದ ಹೋಗಬಾರದು.

ಒಂದು ಸಲ ಹ್ಯಾಂಡ್‌ರಬ್ ಉಜ್ಜಲು 20ರಿಂದ 30 ಸೆಕೆಂಡ್, ಸೋಪು ನೀರಿಗೆ 40ರಿಂದ 60. ಮೂವತ್ತು ಬೆಡ್ಡಿಗೆ ಇಬ್ಬರೇ ಇದ್ದರೆ ಲೆಕ್ಕ ನೀವೇ ಹಾಕಿ. ಸಿಂಕ್ ಎಷ್ಟು, ಸೋಪು ಇತ್ತಾ, ಡ್ಯೂಟಿಯಲ್ಲಿ ಎಷ್ಟು ಜನ ಎಂಬುದನ್ನೂ ಬರೆಯದೆ, ‘ನರ್ಸ್‌ಗಳು ಕೈ ತೊಳೆಯುವುದಿಲ್ಲ’ ಎಂದು ಮಾತ್ರ ಬರೆದರೆ ಅದು ಅರ್ಧ ಸುಳ್ಳು. ಸೋಂಕು ತಗಲುವುದು ನರ್ಸ್‌ಗಳಿಗೂ. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ವೈರಸ್ ಆಸ್ಪತ್ರೆಯೊಳಗೇ ಹರಡಿ, ಪೇರಾಂಬ್ರದ ನರ್ಸ್ ಲಿನಿ ತೀರಿಕೊಂಡದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ.

ಹೆಸರು ತೆಗೆದರೆ ಸಾಲದು

‘ಬದಿಯಡ್ಕದ ಅಡಿಕೆ ವ್ಯಾಪಾರಿ, 58 ವರ್ಷ, ಶುಗರ್, ಎಡಗಾಲು ತೆಗೆದದ್ದು’ ಎಂದು ಬರೆದರೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಕೋಡ್ ನಂಬರ್ ಹಾಕಿ, ಊರು ಬಿಡಿ. ಗಾಯದ ಫೋಟೋ ಸ್ವಂತ ಮೊಬೈಲಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಬೇಡವೇ ಬೇಡ. ಸಿಕ್ಕಿದ ಫಲಿತಾಂಶವನ್ನು ವಾರ್ಡಿಗೂ ಜನರಿಗೂ ತಿರುಗಿ ಹೇಳಿ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದಾಗಿ ಎಣ್ಮಕಜೆ, ಪಡ್ರೆ ಕಡೆಯವರು ಸರ್ವೆ, ಸಮಿತಿ, ರಕ್ತದ ಮಾದರಿ ಎಲ್ಲ ಕಂಡವರು. ಬರೆದುಕೊಂಡು ಹೋಗುವವರನ್ನು ಅವರು ಸುಮ್ನೆ ನಂಬುವುದಿಲ್ಲ.

ಕಣ್ಣೆದುರೇ ತಪ್ಪು ಆದರೆ?

ಆಗ ಏನು ಮಾಡುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ, ಕಮಿಟಿಗೂ ತೋರಿಸಿ. ನಮ್ಮ ಒಬ್ಬಳು ವಿದ್ಯಾರ್ಥಿನಿ ಐಸಿಯುನಲ್ಲಿ ವೀಕ್ಷಣೆ ಮಾಡುತ್ತಿದ್ದಳು. ಯೂರಿನ್ ಬ್ಯಾಗ್ ಖಾಲಿ ಮಾಡಿದ ಗ್ಲೌಸಿನಲ್ಲೇ ಸ್ಟಾಫ್ ಒಬ್ಬರು ಕುತ್ತಿಗೆಯ ಲೈನಿನ ಮುಚ್ಚಳಕ್ಕೆ ಕೈ ಹಾಕಿದರು. ಹಾಳೆಯಲ್ಲಿ ‘ಇಲ್ಲ’ ಎಂದು ಟಿಕ್ ಹಾಕಿ ಸುಮ್ಮನಿರಬಹುದಿತ್ತು. ಇವಳು "ಅಕ್ಕಾ, ಗ್ಲೌಸ್" ಅಂದಳು. ಅಕ್ಕ ನಿಂತರು, ಗ್ಲೌಸ್ ಬಿಚ್ಚಿದರು. ಆ ದಿನದ ವೀಕ್ಷಣೆಯನ್ನು ಲೆಕ್ಕದಿಂದ ಬಿಟ್ಟು, ಬಿಟ್ಟದ್ದು ಯಾಕೆ ಎಂದು ಥೀಸಿಸ್‌ನಲ್ಲಿ ಒಂದು ಸಾಲು ಬರೆದಳು.