ಒಂದು ಸರ್ವೆ ನಂಬರು, ಹದಿನಾರು ವಾರ

“ಸೋಷಿಯಾಲಜಿ ಕ್ಲಾಸಿಗೂ ಪಹಣಿಗೂ ಎಂಥ ಸಂಬಂಧ ಮಾರಾಯ? ಶಾನುಭೋಗಿಕೆ ಕಲಿಸ್ತೀಯಾ?” ಅಂತ ಸ್ಟಾಫ್ ರೂಮಿನಲ್ಲಿ ನಗಾಡಿದ್ದವರೇ ಹೋದ ತಿಂಗಳು ಫೋನ್ ಮಾಡಿ, ಜಮೀನಿನ ದಾಖಲೆ ಪಹಣಿ ಇಟ್ಟುಕೊಂಡು ಜಾತಿ, ಅಸಮಾನತೆಯ ಪಾಠ ಮಾಡುವ ನನ್ನ ಪೇಪರಿನ ಸಿಲೆಬಸ್ ಕೇಳಿದರು. ಕಳಿಸಿದೆ. ಸಿಲೆಬಸ್ಸಿನಲ್ಲಿ ಏನೂ ಇಲ್ಲ ಅನ್ನೋದು ಅವರಿಗೆ ಜೂನ್‌ನಲ್ಲಿ ಗೊತ್ತಾಗುತ್ತದೆ.

ನಮ್ಮದು ಮಲೆನಾಡಿನ ಒಂದು ಸ್ನಾತಕೋತ್ತರ ಕೇಂದ್ರ. ಎಂ.ಎ. ಓಪನ್ ಇಲೆಕ್ಟಿವ್, ನಾಲ್ಕು ಕ್ರೆಡಿಟ್, 70 ಅಂಕ ಪರೀಕ್ಷೆಗೆ, 30 ಆಂತರಿಕ ಮೌಲ್ಯಮಾಪನಕ್ಕೆ. ಶುರು ಮಾಡಿದಾಗ 11 ಜನ, ಅದರಲ್ಲೂ ಮೂವರು ಬೇರೆ ಪೇಪರ್ ಸಿಗದೆ ಬಂದವರು. ಕಳೆದ ವರ್ಷ 64. ಕಾಮರ್ಸಿನವರೂ ಬರುತ್ತಾರೆ. ನಮ್ಮ ಕೇಂದ್ರದಲ್ಲಿ ಇಷ್ಟು ಜನ ಬೇರೆ ಯಾವ ಓಪನ್ ಇಲೆಕ್ಟಿವ್‌ಗೂ ಬರೋದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಶೀರ್ಷಿಕೆಗೇ ಮೊದಲ ಜಗಳ. ‘ಜಾತಿ, ಜನಾಂಗ ಮತ್ತು ಅಸಮಾನತೆ’ ಅಂತ ಬರೆದುಕೊಂಡು ಹೋಗಿದ್ದೆ. ಅಧ್ಯಯನ ಮಂಡಳಿಯಲ್ಲಿ ಒಬ್ಬರಿಗೆ ‘ಜಾತಿ’ ಬೇಡವಾಗಿತ್ತು, ಇನ್ನೊಬ್ಬರಿಗೆ ‘ಜನಾಂಗ’. ಎರಡನೆಯವರ ತಕರಾರು ಸರಿಯಾಗಿಯೇ ಇತ್ತು ಅಂತ ಆಮೇಲೆ ಅರ್ಥವಾಯಿತು. ನಮ್ಮ ಕಡೆ ಸಮಾವೇಶದ ಬ್ಯಾನರಿನಲ್ಲಿ ‘ಒಕ್ಕಲಿಗ ಜನಾಂಗ’, ‘ಈಡಿಗ ಜನಾಂಗ’ ಅಂತಲೇ ಇರುತ್ತದೆ. ಅಮೆರಿಕದ ಕರಿಯರ ವಿಷಯಕ್ಕೂ ಅದೇ ಪದ ಬಳಸಿ ಎರಡು ವಾರ ಪಾಠ ಮಾಡಿದೆ. ಟೆಸ್ಟಿನಲ್ಲಿ ಒಬ್ಬ ಹುಡುಗ ‘ಅಮೆರಿಕದ ಹಿಂದುಳಿದ ವರ್ಗಗಳ ಜನಾಂಗದವರು’ ಅಂತ ಬರೆದ. ತಪ್ಪು ಅವನದ್ದಲ್ಲ. ಈಗ ಮೊದಲ ದಿನವೇ ಬೋರ್ಡಿನ ಮೇಲೆ ಜಾತಿ, ಜನಾಂಗ, ಕುಲ, ಪಂಗಡ, ಸಮುದಾಯ, ಪೈಕಿ (‘ಯಾವ ಪೈಕಿ?’ ಅಂದರೆ ನಮ್ಮ ಕಡೆ ಯಾವ ಜಾತಿ ಅಂತ) ಬರೆದು, ನಿಮ್ಮ ಮನೆಯಲ್ಲಿ ಯಾವ ಪದ ಯಾವಾಗ ಬಾಯಿಗೆ ಬರುತ್ತದೆ ಅಂತ ಕೇಳುತ್ತೇನೆ. ಅರ್ಧ ಗಂಟೆ ಸಾಕು, ಕ್ಲಾಸು ತಾನಾಗಿ ಬಿಸಿಯಾಗುತ್ತದೆ.

ಮೊದಲ ವರ್ಷ ಎಲ್ಲರ ಹಾಗೇ ಥಿಯರಿಯಿಂದ ಹತ್ತಿದೆ. ಹುಡುಗರು ತೂಕಡಿಸಿದರು, ಗೈಡ್ ಓದಿ ಐವತ್ತರ ಮೇಲೆ ತೆಗೆದರು. “ಇಂಪಾರ್ಟೆಂಟ್ ಕೊಡಿ ಸಾರ್” ಬಿಟ್ಟರೆ ಬೇರೆ ಪ್ರಶ್ನೆ ಬರಲಿಲ್ಲ.

ಎರಡನೇ ವರ್ಷದ್ದು ನೆನೆದರೆ ಈಗಲೂ ಮೈ ಮುದುಡುತ್ತದೆ. ಅಮೆರಿಕದ ಕ್ಲಾಸುಗಳಲ್ಲಿ ಮಾಡಿಸುವ ಹೆಜ್ಜೆ ಆಟ ಅಂತ ಒಂದಿದೆ. ಎಲ್ಲರೂ ಸಾಲಾಗಿ ನಿಲ್ಲೋದು, ಮನೆಯಲ್ಲಿ ಪುಸ್ತಕ ಇದ್ದವರು ಒಂದು ಹೆಜ್ಜೆ ಮುಂದೆ, ಬಾಡಿಗೆ ಮನೆ ಸಿಗದೆ ವಾಪಸು ಬಂದವರು ಒಂದು ಹೆಜ್ಜೆ ಹಿಂದೆ. ಗ್ರೌಂಡಿನಲ್ಲಿ ಮಾಡಿಸಿದೆ. ಹತ್ತು ಪ್ರಶ್ನೆ ಮುಗಿಯುವಷ್ಟರಲ್ಲಿ ಇಬ್ಬರು ಹುಡುಗಿಯರು ಕಾಂಪೌಂಡ್ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದರು. ಅವರಲ್ಲೊಬ್ಬಳು ಮಾರನೇ ದಿನದಿಂದ ಕ್ಲಾಸಿಗೆ ಬರಲಿಲ್ಲ. ಅಲ್ಲಿ ಚರ್ಮದ ಬಣ್ಣ ಮೊದಲೇ ಎಲ್ಲರ ಕಣ್ಣಿಗೆ ಬಿದ್ದಿರುತ್ತದೆ. ಇಲ್ಲಿ ಅವಳು ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಬಾಯಿ ಬಿಡದೆ ಕಾಪಾಡಿಕೊಂಡಿದ್ದನ್ನು ನಾನು ನಲವತ್ತು ನಿಮಿಷದಲ್ಲಿ ಬಯಲಿಗೆಳೆದಿದ್ದೆ. ಆ ಆಟ ಮಾಡಿಸುವವರು ಈಗಲೂ ಇದ್ದಾರೆ. ದಯವಿಟ್ಟು ನಿಲ್ಲಿಸಿ.

ಪಹಣಿ ಹೊಳೆದದ್ದು ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರ ಹೋರಾಟದ ಪಾಠ ಮಾಡುವಾಗ. 1951ರ ಸತ್ಯಾಗ್ರಹ, ಒಡೆಯನಿಗೆ ಕೊಡುವ ಗೇಣಿ ಭತ್ತ ಅಳೆಯುವ ಕೊಳಗದ ಜಗಳ, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾದದ್ದು, ಎಲ್ಲ ಹೇಳಿದೆ. ಹಿಂದಿನ ಬೆಂಚಿನ ಹುಡುಗ, “ನಮ್ಮಜ್ಜನಿಗೂ ಫಾರಂ ಏಳರಲ್ಲೇ ಗದ್ದೆ ಬಂದಿದ್ದು ಸಾರ್” ಅಂದ. ಗೇಣಿಗೆ ಉಳುತ್ತಿದ್ದ ನೆಲ ತನ್ನದಾಗಲಿ ಅಂತ ಗೇಣಿದಾರ ಹಾಕುತ್ತಿದ್ದ ಅರ್ಜಿ ಅದು. ಇಡೀ ಕ್ಲಾಸು ತಿರುಗಿ ನೋಡಿತು. ನಾನು ಉತ್ಸಾಹದಲ್ಲಿ, ಮುಂದಿನ ವಾರ ಎಲ್ಲರೂ ನಿಮ್ಮ ನಿಮ್ಮ ಮನೆಯ ಪಹಣಿ ತನ್ನಿ ಅಂದುಬಿಟ್ಟೆ.

ಇಪ್ಪತ್ತೆರಡು ಜನರಲ್ಲಿ ಒಂಬತ್ತೋ ಹತ್ತೋ ಮಂದಿ ಬರಿಗೈಲಿ ಬಂದರು. ತರಲು ಪಹಣಿಯೇ ಇರಲಿಲ್ಲ. ಏನಾದರೂ ತಂದವರಲ್ಲೂ ಕೆಲವರದ್ದು ಬಗರ್ ಹುಕುಂ, ಅಂದರೆ ಸರ್ಕಾರಿ ನೆಲದಲ್ಲಿ ಮಂಜೂರಾತಿ ಇಲ್ಲದ ಸಾಗುವಳಿ: ಫಾರಂ 50, 53, 57 ಹಾಕಿದ ಅರ್ಜಿಯ ಜೆರಾಕ್ಸು ಮಾತ್ರ. ಹೆಜ್ಜೆ ಆಟವನ್ನೇ ಕಾಗದದ ಮೇಲೆ ಮತ್ತೊಮ್ಮೆ ಆಡಿಸಿದ್ದೆ. ಆ ವಾರ ಪಾಠ ಬಿಟ್ಟು ರಜೆ ಹಾಕಿದೆ.

ದಾರಿ ಸಿಕ್ಕಿದ್ದು ನಾಲ್ಕನೇ ವರ್ಷ. ಯಾರೂ ತಮ್ಮ ಮನೆಯದ್ದು ತರಬೇಕಿಲ್ಲ. ಐದೈದು ಜನರ ಗುಂಪು, ಗುಂಪಿಗೊಂದು ಸರ್ವೆ ನಂಬರು, ಅದೂ ಯಾರ ಊರಿನದ್ದೂ ಅಲ್ಲದ್ದು. ಹದಿನಾರು ವಾರ ಆ ಒಂದು ತುಂಡು ನೆಲ ಬಿಟ್ಟು ಅತ್ತಿತ್ತ ಹೋಗುವ ಹಾಗಿಲ್ಲ. ಇವತ್ತಿನ ಕಂಪ್ಯೂಟರ್ ಪಹಣಿಯಿಂದ ಹಿಡಿದು ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ಕೈಬರಹದ ಪಹಣಿ, ಸಿಕ್ಕಿದರೆ ಹಳೇ ಸರ್ವೆಯ ವಿಸ್ತೀರ್ಣ, ಕಂದಾಯದ ಪಟ್ಟಿಯಾದ ಆಕಾರ್‌ಬಂದ್‌ವರೆಗೆ ಹಿಂದಕ್ಕೆ ನಡೆಯೋದು. 9ನೇ ಕಾಲಂನಲ್ಲಿ ಯಾರ ಹೆಸರು, 10ರಲ್ಲಿ ಹೇಗೆ ಬಂತು, 12ರಲ್ಲಿ ಉತ್ತವನು ಯಾರು. ಆಮೇಲೆ ಆ ಊರಿಗೇ ಹೋಗಿ, ಯಾವ ಕಾಲಂನಲ್ಲೂ ಇಲ್ಲದವರು ಯಾರು ಅಂತ ಹುಡುಕೋದು.

ಥಿಯರಿ ಹೇಳದೆಯೇ ಅವರೇ ಕಂಡುಕೊಂಡದ್ದು ಹೇಳುತ್ತೇನೆ. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂತು, 1979ರ ಜೂನ್‌ವರೆಗೂ ಫಾರಂ 7 ತೆಗೆದುಕೊಂಡರು, ಗೇಣಿದಾರ ಒಡೆಯನಾದ. ಸರಿ. ಗೇಣಿದಾರನ ಗದ್ದೆಯಲ್ಲಿ ಜೀತಕ್ಕೋ ಕೂಲಿಗೋ ಇದ್ದವನು? ಆ ಗದ್ದೆ ಕೇಳಲು ಅವನಿಗೆ ಫಾರಂ ಇರಲಿಲ್ಲ. ಒಂದು ಗುಂಪಿನ ಹುಡುಗಿ ಇದನ್ನು, “ಸಾರ್, ಎರಡನೇ ಮೆಟ್ಟಿಲಿನವನಿಗೆ ಏಣಿ ಕೊಟ್ಟರು, ಮೂರನೆಯವನು ಏಣಿ ಹಿಡ್ಕೊಂಡಿದ್ದ” ಅಂದಳು. ನಾನು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿದವನಲ್ಲ. ಇನ್ನೊಂದು ಗುಂಪಿಗೆ ತೋಟಿ ಇನಾಂ ಜಮೀನು ಸಿಕ್ಕಿತ್ತು. ಊರ ಚಾಕರಿಗೆ ಅಂತ ಕೊಟ್ಟ ನೆಲ ಯಾವುದೋ ಮದುವೆ ಸಾಲಕ್ಕೆ ಕೈಬಿಟ್ಟು ಹೋಗಿತ್ತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಸಿಕ್ಕ ಮತ್ತೊಂದು ಗುಂಪು, ಅಂಥ ನೆಲದ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ, ನೆಲ ವಾಪಸು ಕೇಳಿ ತಡವಾಗಿ ಬಂದ ಅರ್ಜಿ ನಡೆಯೋದಿಲ್ಲ ಅಂದ 2017ರ ಸುಪ್ರೀಂ ಕೋರ್ಟ್ ತೀರ್ಪು, ಕಾಲಮಿತಿ ತೆಗೆದ 2023ರ ತಿದ್ದುಪಡಿ, ಮೂರನ್ನೂ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿನ ವರಾಂಡದಲ್ಲಿ ಕಕ್ಷಿದಾರರ ಬಾಯಲ್ಲೇ ಕೇಳಿ ಬಂತು.

ಸರ್ವೆ ನಂಬರುಗಳನ್ನು ನಾನು ಹೇಗೆ ಆರಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ಕಣ್ಣು ಮುಚ್ಚಿ ತೆಗೆದರೆ ಹತ್ತಕ್ಕೆ ಎಂಟು ಬರೀ ಅಣ್ಣ ತಮ್ಮಂದಿರ ಪಾಲುಪಟ್ಟಿ, ಹುಡುಗರು ಮೂರನೇ ವಾರಕ್ಕೆ ಕೈಚೆಲ್ಲುತ್ತಾರೆ. ಗುಂಪು ಕಟ್ಟುವುದರಲ್ಲೂ ಒಂದು ಉಪಾಯವಿದೆ. ಅದೂ ನನ್ನಲ್ಲೇ ಇರಲಿ.

ದುಡ್ಡಿನ ಮಾತು. ಮೊದಲ ಎರಡು ವರ್ಷ ನಾನು ಅತಿಥಿ ಉಪನ್ಯಾಸಕ, ಸಂಬಳ ನಾಲ್ಕೈದು ತಿಂಗಳಿಗೊಮ್ಮೆ ಒಟ್ಟಿಗೆ. ಪಹಣಿ ಒಂದಕ್ಕೆ ಆಗ ಹದಿನೈದು ರೂಪಾಯಿ ಇದ್ದ ನೆನಪು, ಅದೇನು ದೊಡ್ಡದಲ್ಲ. ತಿನ್ನುವುದು ರೆಕಾರ್ಡ್ ರೂಮಿನ ನಕಲು, ಬಸ್ಸು, ಊಟ. ಸರ್ವೆ ನಂಬರಿನ ಮೊದಲ ವರ್ಷ ಕೈಯಿಂದ ಹದಿನಾಲ್ಕು ಸಾವಿರ ಹೋಯಿತು, ಮರು ವರ್ಷ ಇಪ್ಪತ್ತೆರಡು. ಚಹಾ ಕಾಫಿಯ ಲೆಕ್ಕ ಬರೆದಿಟ್ಟಿಲ್ಲ, ಅದೇ ಜಾಸ್ತಿ. ಐವತ್ತು ಸಾವಿರಕ್ಕೆ ಅರ್ಜಿ ಕೊಟ್ಟಿದ್ದೆ. ‘ವಿಷಯ ಸೂಕ್ಷ್ಮವಾಗಿದೆ’ ಅಂತ ಷರಾ ಬರೆದು ಫೈಲು ವಾಪಸು ಬಂತು. ಅದನ್ನೇ ‘ಕ್ಷೇತ್ರ ಅಧ್ಯಯನ ಪ್ರವಾಸ’ ಅಂತ ಹೆಸರು ಬದಲಿಸಿ ಕೊಟ್ಟೆ, ಐದು ಸಾವಿರ ಸಿಕ್ಕಿತು.

ನಡುವೆ ಅಡ್ಡದಾರಿಗಳೂ ಹಿಡಿದಿದ್ದೇನೆ. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ಸಂಸ್ಥೆ ಕರಿಯರ ಬಡಾವಣೆಗಳು ಸಾಲಕ್ಕೆ ಅಪಾಯ ಅಂತ ಅವಕ್ಕೆ ಕೆಂಪು ಬಣ್ಣ ಬಳಿದು ನಕಾಶೆ ಮಾಡಿತ್ತು. ಅದನ್ನು ತೋರಿಸಿ, ನಮ್ಮ ಪೇಟೆಯ ಟು-ಲೆಟ್ ಬೋರ್ಡುಗಳಿಗೆ ಹುಡುಗರಿಂದ ಫೋನ್ ಮಾಡಿಸಿದೆ. ಮೂವತ್ತು ಕರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡೆ ಬಾಡಿಗೆ ಎಷ್ಟು ಅನ್ನುವ ಮೊದಲೇ “ಯಾವ ಪೈಕಿ?” ಅಥವಾ “ವೆಜ್ಜಾ, ನಾನ್‌ವೆಜ್ಜಾ?” ಬಂತು. ಫಲಿತಾಂಶ ಚೆನ್ನಾಗಿತ್ತು, ಆದರೆ ಒಬ್ಬ ಓನರಜ್ಜಿ, “ಅಡ್ವಾನ್ಸ್ ಯಾವಾಗ ತರ್ತೀಯ ಮಗಾ?” ಅಂತ ನಮ್ಮ ಹುಡುಗಿಗೆ ವಾರವಿಡೀ ಫೋನ್ ಮಾಡಿದರು. ಸುಳ್ಳು ಹೇಳಿ ಕಲಿಸುವುದು ಸರಿ ಕಾಣಲಿಲ್ಲ, ಬಿಟ್ಟೆ. ವಧುವರ ಜಾಹೀರಾತು ಎಣಿಸುವುದನ್ನೂ ನೋಡಿದೆ, ಸಪ್ಪೆ.

ಉಳಿಸಿಕೊಂಡದ್ದು ಎರಡು. ಒಂದು, 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕರಿಯ ಚಿಂತಕ ಡುಬಾಯ್ಸ್‌ಗೆ ಬರೆದ ಪತ್ರ. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ ಚಿಕ್ಕ ಕಾಗದ. ಹುಡುಗರೇ ಕನ್ನಡ ಮಾಡುತ್ತಾರೆ, ‘ನೀಗ್ರೋ’ ಪದ ಹಾಗೇ ಇಡಬೇಕೋ ಬೇಡವೋ ಅಂತ ಒಂದು ಪೂರ್ತಿ ಕ್ಲಾಸು ಜಗಳ. ಎರಡನೆಯದು ಯಲ್ಲಾಪುರದ ಕಡೆಯ, ಆಫ್ರಿಕ ಮೂಲದ ಸಿದ್ದಿಯರ ವಸತಿಗಳು. “ವರ್ಣಭೇದ ನಮ್ಮಲ್ಲಿಲ್ಲ ಸಾರ್” ಅನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ. ಎಂಬತ್ತರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರ, ಆಫ್ರಿಕದ ಮೈಕಟ್ಟು, ಓಡುತ್ತಾರೆ ಅಂತ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು, ಕೆಲವೇ ವರ್ಷದಲ್ಲಿ ಯೋಜನೆ ನಿಲ್ಲಿಸಿತು. ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಯರು ಸೇರಿದ್ದು 2003ರಲ್ಲಿ. ಮೊದಲ ಸಲ ಹೋದಾಗ ನಮ್ಮ ಹುಡುಗನೊಬ್ಬ ಅಲ್ಲಿನ ಅಂಗಡಿಯಾತನಿಗೆ ಇಂಗ್ಲಿಷಿನಲ್ಲಿ ಬಾಳೆಹಣ್ಣಿನ ರೇಟು ಕೇಳಿದ. ಆತ ಅಚ್ಚ ಕನ್ನಡದಲ್ಲಿ, “ನೀವು ಎಲ್ಲಿಯವರು, ಹೊರಗಿನವರಾ?” ಅಂದರು.

ಇನ್ನು ಹಳೇ ಕೈಬರಹ ಓದಿಸಲು ನನಗಿರುವುದು ಒಬ್ಬರೇ, ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್. ಎಂಬತ್ತರ ಹತ್ತಿರ ವಯಸ್ಸು. ದಿನಕ್ಕೆ ಸಾವಿರ ಕೊಟ್ಟರೆ ಐನೂರು ವಾಪಸು ಕೊಡುತ್ತಾರೆ, ಮಾತಿನ ಮಧ್ಯೆ ಹುಡುಗರನ್ನು “ನೀವು ಯಾವ ಪೈಕಿ?” ಅಂತ ಕೇಳಿಬಿಡುತ್ತಾರೆ. ಮೊದಲೆಲ್ಲ ನಾನು ತಡೆಯುತ್ತಿದ್ದೆ. ಈಗ ಹುಡುಗರೇ ನೋಟ್ ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಳ್ಳುತ್ತಾರೆ. ಈ ಸಲ ಅವರ ಕಣ್ಣಿನ ಪೊರೆ ಆಪರೇಷನ್ ಇದೆಯಂತೆ, ಮೂರನೇ ವಾರದ ಕ್ಲಾಸನ್ನು ಆರನೇ ವಾರಕ್ಕೆ ತಳ್ಳಿದ್ದೇನೆ.