ಗ್ಲುಟಮೇಟ್ ಆಕ್ಸಿಡೇಸನ್ನು ಪಾಲಿಸ್ಟೈರೀನ್ ಕಣಗಳಿಗೆ ಕೂರಿಸುವ ಬಗೆ: ನನ್ನ ಅನುಭವ

ಗ್ಲುಟಮೇಟ್ ಎಂಬ ಅಮೈನೋ ಆಮ್ಲ ಒಂದನ್ನೇ ಅಳೆಯುವ ಎಲೆಕ್ಟ್ರೋಡ್ ಸೆನ್ಸರ್ ಮಾಡಬೇಕಿದ್ದರೆ ಹಾವಿನ ವಿಷದಿಂದ ತೆಗೆದ ಎಲ್-ಅಮೈನೋ ಆಸಿಡ್ ಆಕ್ಸಿಡೇಸ್ ಬೇಡ. ಅದು ಲ್ಯೂಸಿನ್, ಫಿನೈಲ್‌ಅಲನಿನ್‌ನಂಥ ಬೇರೆ ಅಮೈನೋ ಆಮ್ಲಗಳನ್ನೂ ಬಿಡುವುದಿಲ್ಲ. ನಾನು ಬಳಸುವುದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಎಲ್-ಗ್ಲುಟಮೇಟ್ ಆಕ್ಸಿಡೇಸ್ ಎಂಬ ಕಿಣ್ವ (ಅದು ಗ್ಲುಟಮೇಟ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಅಳೆಯುವುದು ಅದನ್ನೇ), ಕೂರಿಸುವುದು 1 ಮೈಕ್ರಾನ್ ವ್ಯಾಸದ ಕಾರ್ಬಾಕ್ಸಿಲ್ ಪಾಲಿಸ್ಟೈರೀನ್ ಕಣಗಳ ಮೇಲೆ.

ಕಿಣ್ವ ಎಷ್ಟು ಹಾಕಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಈ ಗಾತ್ರದ ಕಣಗಳಿಗೆ ಗ್ರಾಂಗೆ ಸುಮಾರು 5.7 ಚದರ ಮೀಟರ್ ಮೇಲ್ಮೈ. ಚದರ ಮೀಟರಿಗೆ 3 ಮಿಲಿಗ್ರಾಂ ಪ್ರೋಟೀನ್ ಹಿಡಿದರೆ 10 ಮಿಲಿಗ್ರಾಂ ಕಣಗಳಿಗೆ 0.17 ಮಿಲಿಗ್ರಾಂ ಸಾಕು. ನಾನು 0.3 ಹಾಕುತ್ತೇನೆ, ಅದಕ್ಕಿಂತ ಹೆಚ್ಚಿನದು ತೊಳೆದ ನೀರಿನಲ್ಲಿ ಹೋಗುತ್ತದೆ. ಕಿಣ್ವದ ಬಾಟಲಿಯಲ್ಲಿ ಅಮೋನಿಯಂ ಸಲ್ಫೇಟ್, ಟ್ರಿಸ್ ಇದ್ದರೆ ಡಯಾಲಿಸಿಸ್ (ಸಣ್ಣ ಅಣುಗಳನ್ನು ಪೊರೆಯ ಮೂಲಕ ಹೊರಹಾಕುವುದು) ಮಾಡಲೇಬೇಕು, ಎರಡೂ ಕಿಣ್ವಕ್ಕೆ ಸಿಗಬೇಕಾದ ಕಾರ್ಬಾಕ್ಸಿಲ್ ಗುಂಪುಗಳನ್ನು ಕಬಳಿಸುತ್ತವೆ. ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಬೆರೆಸಿದ ಕಿಣ್ವವನ್ನು ಕೊಳ್ಳಲೇಬೇಡಿ: ಅದೂ ಪ್ರೋಟೀನೇ, ಡಯಾಲಿಸಿಸ್‌ನಲ್ಲಿ ಹೋಗುವುದಿಲ್ಲ, ಕಣದ ಮೇಲೆ ಕಿಣ್ವದ ಜಾಗದಲ್ಲಿ ತಾನು ಕೂರುತ್ತದೆ.

10 ಮಿಲಿಗ್ರಾಂ ಕಣಗಳನ್ನು 50 ಮಿಲಿಮೋಲಾರ್ ಮೆಸ್ ಬಫರ್‌ನಲ್ಲಿ (ಪಿಎಚ್ 6) ಎರಡು ಸಲ ತೊಳೆದು, 1 ಮಿಲಿಲೀಟರಿಗೆ ತಂದು, 2 ಮಿಲಿಗ್ರಾಂ ಇಡಿಸಿ, 3 ಮಿಲಿಗ್ರಾಂ ಎನ್‌ಎಚ್‌ಎಸ್ ಹಾಕಿ 15 ನಿಮಿಷ ತಿರುಗಿಸಿ; ಕಾರ್ಬಾಕ್ಸಿಲ್ ಗುಂಪುಗಳು ಕಿಣ್ವವನ್ನು ಹಿಡಿಯುವಂತೆ ಮಾಡುವ ರಾಸಾಯನಿಕಗಳು ಇವೆರಡು. ಇಡಿಸಿ ತೇವ ಹೀರುತ್ತದೆ. ಫ್ರೀಜರ್‌ನಿಂದ ತೆಗೆದ ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. ಈ ಹಂತದಲ್ಲಿ ಋಣ ವಿದ್ಯುದಂಶ ಕಡಿಮೆಯಾಗಿ ಕಣಗಳು ಗಂಟುಕಟ್ಟುತ್ತವೆ. ತಣ್ಣನೆಯ ಮೆಸ್‌ನಲ್ಲಿ ಒಮ್ಮೆ ಬೇಗ ತೊಳೆದು, ಸೋನಿಕೇಟರ್ ಬಾತ್‌ನಲ್ಲಿ (ಶ್ರವಣಾತೀತ ಕಂಪನದ ತೊಟ್ಟಿ) ಕೆಲವೇ ಸೆಕೆಂಡು ಹಿಡಿದು ಬಿಡಿಸಿ. ಕಿಣ್ವ ಹಾಕಿದ ಮೇಲೆ ಸೋನಿಕೇಟರ್ ಕಡೆ ತಲೆ ಹಾಕಬಾರದು.

ಕಿಣ್ವವನ್ನು ಪಿಎಚ್ 7.4 ಫಾಸ್ಫೇಟ್‌ನಲ್ಲಿ ಸೇರಿಸಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಮೆಲ್ಲಗೆ ತಿರುಗಲು ಬಿಡಿ. ಉಳಿದ ಕ್ರಿಯಾಶೀಲ ಗುಂಪುಗಳನ್ನು ಮುಚ್ಚಲು ಗ್ಲೈಸಿನ್ ವಾಡಿಕೆ, ಆದರೆ ಅಮೈನೋ ಆಮ್ಲದ ಸೆನ್ಸರ್‌ಗೆ ಅಮೈನೋ ಆಮ್ಲವನ್ನೇ ಸುರಿಯುವುದು ನನಗೆ ಒಗ್ಗದು. 50 ಮಿಲಿಮೋಲಾರ್ ಎಥನಾಲಮೀನ್, ಪಿಎಚ್ 8, ಅರ್ಧ ಗಂಟೆ ಸಾಕು. ಆಮೇಲೆ 0.05 ಶೇಕಡಾ ಟ್ವೀನ್-20 (ಮೃದು ಡಿಟರ್ಜೆಂಟ್) ಇರುವ ಬಫರ್‌ನಲ್ಲಿ ಮೂರು ಸಲ ತೊಳೆಯಿರಿ.

ಇಡಿಸಿ ಹಾಕದ ಕಣಗಳನ್ನೂ ಜೊತೆಯಲ್ಲೇ ಮಾಡಿಕೊಳ್ಳಿ. ಅವೂ ಹೆಚ್ಚುಕಡಿಮೆ ಅಷ್ಟೇ ಚಟುವಟಿಕೆ ತೋರಿಸಿದರೆ ಕಿಣ್ವ ಬಂಧಗೊಂಡಿಲ್ಲ, ಸುಮ್ಮನೆ ಮೆತ್ತಿಕೊಂಡಿದೆ; ಎಲೆಕ್ಟ್ರೋಡಿನ ಮೇಲೆ ಕ್ರಮೇಣ ಕಳಚಿ ಸಂಕೇತ ಇಳಿಯುತ್ತದೆ. ತೊಳೆದ ಕಣಗಳನ್ನು ಒಂದು ದಿನ ಬಫರ್‌ನಲ್ಲಿಟ್ಟು ಮೇಲಿನ ದ್ರವದ ಚಟುವಟಿಕೆಯನ್ನೂ ಪೆರಾಕ್ಸಿಡೇಸ್ ಬಣ್ಣದ ಪರೀಕ್ಷೆಯಿಂದ (ಪೆರಾಕ್ಸೈಡ್ ಹುಟ್ಟಿದರೆ ಬಣ್ಣ ಬರುತ್ತದೆ) ನೋಡಿ. ಆ ಬಫರ್‌ಗೆ ಕೆಡದಂತೆ ಸೋಡಿಯಂ ಅಜೈಡ್ ಹಾಕಿದ್ದರೆ ಅದು ಪೆರಾಕ್ಸಿಡೇಸನ್ನು ತಡೆಯುತ್ತದೆ, ಕಳಚಿದ ಕಿಣ್ವ ಇದ್ದರೂ ಬಣ್ಣ ಬರುವುದಿಲ್ಲ.

ಪ್ಲಾಟಿನಂ ಮೇಲೆ +0.6 ವೋಲ್ಟ್‌ನಲ್ಲಿ ಅಳೆಯುವಾಗ ಆಸ್ಕಾರ್ಬಿಕ್ ಆಮ್ಲವೂ ಕರೆಂಟ್ ಕೊಡುತ್ತದೆ. ಅದನ್ನು ತಡೆಯಲು ಕಣಗಳನ್ನು ಹಚ್ಚುವ ಮೊದಲೇ ಮೆಟಾ-ಫಿನೈಲೀನ್‌ಡೈಅಮೀನ್‌ನ ತೆಳು ಪದರವನ್ನು ಎಲೆಕ್ಟ್ರೋಡಿನ ಮೇಲೆ ಬೆಳೆಸಿಕೊಳ್ಳಿ. ಮಿಕ್ಕ ಕಣಗಳು ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿರಲಿ, ಹೆಪ್ಪುಗಟ್ಟಿದರೆ ಗಂಟು ಬಿಡಿಸಲಾಗದು.