ಹಿಟ್ಟು ಬರುವ ದಾರಿಯಲ್ಲೇ ನಾನೂ

ದೂರದ, ಯಾರೂ ಹೋಗದಂಥ ಊರಿಗೆ ಹೊರಡುವಾಗ ನಾನು ಮೊದಲು ಹೋಟೆಲ್ ಹುಡುಕುವುದಿಲ್ಲ. ಆ ಊರಿಗೆ ಹಿಟ್ಟು, ಸಕ್ಕರೆ, ಡೀಸೆಲ್ ಎಲ್ಲಿಂದ ಬರುತ್ತದೆ ಅಂತ ವಿಚಾರಿಸುತ್ತೇನೆ. ಸಾಮಾನು ಬರುವ ದಾರಿಯೇ ನನ್ನ ದಾರಿ. ಮೀಸೆ ಚಿಗುರಿದಾಗಿನಿಂದ ಈಗ ತಲೆ ಬೆಳ್ಳಗಾಗುವವರೆಗೂ ಹೀಗೇ ತಿರುಗಿದ್ದೇನೆ.

ತಜಿಕಿಸ್ತಾನದ ಪಾಮಿರ್ ಬೆಟ್ಟಗಳನ್ನೇ ನೋಡಿ. ಅಲ್ಲಿಗೆ ವೀಸಾ ಜೊತೆಗೆ ಗೋರ್ನೊ-ಬದಖ್ಶಾನ್ ಪ್ರಾಂತ್ಯದ ಪರ್ಮಿಟ್ ಬೇರೆ ಬೇಕು. ರಾಜಧಾನಿ ದುಶಾನ್ಬೆಯಿಂದ ಆ ಪ್ರಾಂತ್ಯದ ಮುಖ್ಯ ಊರಾದ ಖೋರೊಗ್‌ಗೆ ಶೇರ್ ಟ್ಯಾಕ್ಸಿ ಇದೆ. ಸೀಟು ತುಂಬಿದರೆ ಹೊರಡುತ್ತದೆ, ಇಲ್ಲದಿದ್ದರೆ ಇಲ್ಲ. ದುಡ್ಡು ಜಾಸ್ತಿ ಕೊಟ್ಟು ಇಡೀ ಗಾಡಿ ಮಾಡಿಕೊಳ್ಳಬಹುದು. ನಾನು ಮಾಡುವುದಿಲ್ಲ. ಪಕ್ಕದಲ್ಲಿ ಕೂತ ಅಜ್ಜಿ ರೊಟ್ಟಿ ಮುರಿದು ಕೈಗಿಡುತ್ತಾರೆ, ಇಳಿಯುವಾಗ ಮನೆಗೆ ಬಾ ಅಂತ ಕರೆಯುತ್ತಾರೆ. ಉಳಿದುಕೊಳ್ಳಲು ನನಗೆ ಒಳ್ಳೆಯ ಜಾಗ ಸಿಕ್ಕಿದ್ದೆಲ್ಲ ಹೆಚ್ಚಾಗಿ ಹೀಗೆಯೇ. ದಾರಿಯಲ್ಲಿ ಎಷ್ಟೋ ದೂರ ಪಂಜ್ ನದಿ ಜೊತೆಗೇ ಬರುತ್ತದೆ. ಆಚೆ ದಡ ಅಫ್ಘಾನಿಸ್ತಾನ. ಅಲ್ಲಿನ ಮನೆ, ಹೊಲ, ಕತ್ತೆ ಹೊಡೆದುಕೊಂಡು ಹೋಗುವವರು ಎಲ್ಲ ಬರಿಗಣ್ಣಿಗೆ ಕಾಣುತ್ತಾರೆ.

ಪಾಮಿರಿ ಮನೆಯೊಳಗೆ ಐದು ಕಂಬ, ಮೇಲೆ ಚೌಕದೊಳಗೆ ಚೌಕ ಜೋಡಿಸಿದ ಬೆಳಕಿಂಡಿ. ಬೆಳಿಗ್ಗೆ ಶಿರ್‌ಚಾಯ್ ಕೊಡುತ್ತಾರೆ. ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ ಅದು. ಅದಕ್ಕೇ ರೊಟ್ಟಿ ಮುರಿದು ಹಾಕಿ ತಿನ್ನಬೇಕು. ಮಾಂಸ ತಿನ್ನದ ನನಗೆ ಇಡೀ ದಿನದ ಬಲ ಅದರಲ್ಲೇ ಬರುತ್ತದೆ.

ಖೋರೊಗ್‌ನಿಂದ ಇನ್ನೂ ಮೇಲಿರುವ ಮುರ್ಗಾಬ್ ಊರಿಗೆ ಹೋಗಲು ಅವಸರ ಬೇಡ. ಖೋರೊಗ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಮುರ್ಗಾಬ್ ಸುಮಾರು 3,600. ಮಧ್ಯದ ಹಳ್ಳಿಗಳಲ್ಲಿ ತಂಗಿ, ಉಸಿರು ಹೊಂದಿಕೊಂಡ ಮೇಲೆಯೇ ನಾನು ಮೇಲೇರುವುದು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಸಾಕಷ್ಟು ಬಿಸಿ ಇರುವುದಿಲ್ಲ. ಅಕ್ಕಿ ಹಾಕಿದರೆ ಕಾಳು ಕಾಳಾಗಿಯೇ ಉಳಿಯುತ್ತದೆ. ಅದಕ್ಕೇ ಚೀಲದಲ್ಲಿ ತೆಳು ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳುತ್ತೇನೆ. ಬೇಯಿಸುವ ಗೋಜೇ ಇಲ್ಲ ಅಲ್ವಾ! ಮುರ್ಗಾಬ್‌ನಲ್ಲಿ ಸಂತೆ ಇರುವುದು ಹಳೆಯ ಕಂಟೇನರ್‌ಗಳಲ್ಲಿ. ಕುಲ್ಮಾ ಘಟ್ಟ ದಾಟಿ ಚೀನಾದಿಂದ ಲಾರಿಗಳಲ್ಲಿ ಬಂದ ಸಾಮಾನು ಅಲ್ಲಿ ಸಿಗುತ್ತದೆ. ಮುಂದಿನ ಗಾಡಿ ಯಾವಾಗ ಅನ್ನುವುದು ಅಂಗಡಿಯವರಿಗೇ ಚೆನ್ನಾಗಿ ಗೊತ್ತು.

ಸಮುದ್ರದ ಕಡೆಯೂ ಲೆಕ್ಕ ಇದೇ. ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಯಾ ದ್ವೀಪಕ್ಕೆ ವಿಮಾನ ನಿಲ್ದಾಣವೇ ಇಲ್ಲ. ಕೇಪ್‌ಟೌನ್‌ನಿಂದ ವರ್ಷಕ್ಕೆ ಕೆಲವೇ ಸಲ ಹಡಗು ಹೋಗುತ್ತದೆ, ತಲುಪಲು ಒಂದು ವಾರದ ಹತ್ತಿರ ಬೇಕು. ದ್ವೀಪದ ಕೌನ್ಸಿಲ್‌ನ ಅನುಮತಿ ಮೊದಲೇ ಪಡೆಯಬೇಕು. ಹಡಗಿನಲ್ಲಿ ಜಾಗ ಕಡಿಮೆ ಇದ್ದರೆ ರೋಗಿಗಳಿಗೆ, ದ್ವೀಪದವರಿಗೆ ಮೊದಲು ಸೀಟು, ಆಮೇಲೆ ನಮ್ಮಂಥವರಿಗೆ. ಅದೇ ಸರಿ. ಹಾಗಾಗಿ ಇಂಥ ಕಡೆ ಹೋಗುವಾಗ ಊರಿಗೆ ಮರಳುವ ವಿಮಾನದ ಟಿಕೆಟ್ಟನ್ನು ನಾನು ದಿನಾಂಕ ಬದಲಿಸಲು ಆಗುವಂಥದ್ದನ್ನೇ ತೆಗೆದುಕೊಳ್ಳುತ್ತೇನೆ.